ತಟ್ಟೆ ತೊಳೆದ ಸೆಮಿನರಿ ಗುರು

ಹಿಟ್ಲರನ ವಿರುದ್ಧ ನಿಂತು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ ಜರ್ಮನ್ ಪಾಸ್ಟರ್ ಡೀಟ್ರಿಶ್ ಬೊನ್‌ಹೋಫರ್ ಅವರನ್ನು ಲೋಕ ಹುತಾತ್ಮರೆಂದು ಬಲ್ಲದು. ಜರ್ಮನಿಯಲ್ಲಿ ನೆಲಸಿರುವ ನನಗೆ ಹೆಚ್ಚು ಹತ್ತಿರದವರು ಅದಕ್ಕೂ ಹತ್ತು ವರ್ಷ ಹಿಂದಿನ ಬೊನ್‌ಹೋಫರ್. ಆಗ ಅವರು ಪಾಸ್ಟರರನ್ನು ತಯಾರು ಮಾಡುವ ಶಾಲೆಯ, ಅಂದರೆ ಸೆಮಿನರಿಯ, ಇಪ್ಪತ್ತೊಂಬತ್ತರ ಹರೆಯದ ಅಧ್ಯಾಪಕರು. ಸಭಾಸೇವೆಯ (ಚರ್ಚಿನ ಜನರ ಆರೈಕೆಯ) ಬಗ್ಗೆ ನಾನು ಕಲಿತ ಮುಖ್ಯ ಪಾಠಗಳೆಲ್ಲ ಅವರವೇ.

ನಾತ್ಸಿಗಳ ಹಿಡಿತಕ್ಕೆ ಒಪ್ಪದ ಕ್ರೈಸ್ತರು ಕಟ್ಟಿಕೊಂಡ ಕನ್ಫೆಸಿಂಗ್ ಚರ್ಚ್, 1935ರಲ್ಲಿ ಅವರಿಗೆ ಸೆಮಿನರಿಯೊಂದನ್ನು ಒಪ್ಪಿಸಿತು. ಮೊದಲು ಬಾಲ್ಟಿಕ್ ದಂಡೆಯ ತ್ಸಿಂಗ್ಸ್ಟ್‌ನಲ್ಲಿ, ಬಳಿಕ ಸ್ಟೆಟ್ಟಿನ್ ಬಳಿಯ ಫಿಂಕೆನ್‌ವಾಲ್ಡೆಯಲ್ಲಿ ಅದು ನಡೆಯಿತು. ಆರಂಭದ ದಿನಗಳಲ್ಲೇ ಒಮ್ಮೆ ಅಡುಗೆಮನೆಯಿಂದ ಪಾತ್ರೆ ತೊಳೆಯಲು ಜನ ಬೇಕೆಂಬ ಕರೆ ಬಂತು. ವಿದ್ಯಾರ್ಥಿಗಳು ಯಾರೂ ಏಳಲಿಲ್ಲ. ಬೊನ್‌ಹೋಫರ್ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ನೆರವಿಗೆ ಓಡಿಬಂದವರನ್ನು ಒಳಗೆ ಬಿಡಲಿಲ್ಲ. ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ತಮ್ಮನ್ನು ನಿರ್ದೇಶಕರೆಂದು ಕರೆಯದೆ ಸಹೋದರನೆಂದು ಕರೆಯಬೇಕೆಂದು ಕೇಳಿಕೊಂಡವರು ಅವರು. ಅಲ್ಲಿ ಇನ್ನೊಂದು ನಿಯಮವೂ ಇತ್ತು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತನಾಡಬಾರದು, ಆಡಿದರೆ, ಆಡಿದ್ದನ್ನು ಅವನಿಗೆ ತಿಳಿಸಬೇಕು. ನಮ್ಮ ಸಭಾ ಸಮಿತಿಗಳು ಈ ಒಂದು ನಿಯಮವನ್ನು ಹಿಡಿದರೂ ಎಷ್ಟು ಜಗಳಗಳು ಹುಟ್ಟುವ ಮೊದಲೇ ಅಳಿದಾವು!

ಸಹಜೀವನದ ಬಗೆಯನ್ನು ಅರಿಯಲು ಅವರು ಗಾಂಧೀಜಿಯ ಬಳಿಗೆ ಹೋಗಬೇಕೆಂದಿದ್ದರು. 1934ರ ಕೊನೆಗೆ ಆಹ್ವಾನವೂ ಬಂದಿತ್ತು. ಸೆಮಿನರಿಯ ಕೆಲಸ ಬಂದದ್ದರಿಂದ ಆ ಪ್ರಯಾಣ ನಡೆಯಲಿಲ್ಲ. ಭಾರತೀಯ ಕ್ರೈಸ್ತನಾದ ನನಗೆ ಇದು ಇಂದಿಗೂ ಕೊರಗು.

1937ರಲ್ಲಿ ನಾತ್ಸಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಸೆಮಿನರಿಯನ್ನು ಮುಚ್ಚಿಸಿತು. ಆ ಬದುಕಿನ ಅನುಭವವನ್ನು ಮರುವರ್ಷ ಬರಹಕ್ಕಿಳಿಸುವಾಗ ಬೊನ್‌ಹೋಫರ್ ಸೇವೆಗಳಿಗೆ ಒಂದು ಕ್ರಮ ಕೊಟ್ಟರು. ನಾಲಿಗೆಯನ್ನು ಹಿಡಿಯುವುದು ಮೊದಲು. ದೀನತೆ, ಆಲಿಸುವುದು, ನೆರವಾಗುವುದು, ಇನ್ನೊಬ್ಬರ ಭಾರ ಹೊರುವುದು ಆ ಬಳಿಕ. ದೇವರ ವಾಕ್ಯವನ್ನು ಹೇಳುವ ಸರದಿ ಇವೆಲ್ಲದರ ನಂತರವೇ. ಸಹೋದರನ ಮಾತಿಗೆ ಕಿವಿಗೊಡದವನು ಬೇಗನೆ ದೇವರಿಗೂ ಕಿವಿಗೊಡದವನಾಗುತ್ತಾನೆ ಎಂಬುದು ಅವರ ಎಚ್ಚರಿಕೆ.

ನಾನಿರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಇದೇ ಸೀಮೆಯವರು. ಹಾಗಾಗಿ ಭಾನುವಾರದ ಆರಾಧನೆಯಲ್ಲಿ ನನಗೆ ಪರಕೀಯತೆ ಕಾಡುವುದಿಲ್ಲ. ವ್ಯತ್ಯಾಸ ಕಾಣುವುದು ವಾರದ ದಿನಗಳಲ್ಲಿ. ಇಲ್ಲಿನ ಪಾಸ್ಟರ್ ಮೊದಲೇ ಸಮಯ ಕೇಳಿಕೊಂಡು ಬರುತ್ತಾರೆ, ಒಂದು ಗಂಟೆ ಕೂರುತ್ತಾರೆ, ಮಿತವಾಗಿ ಮಾತನಾಡುತ್ತಾರೆ. ದುಃಖದಲ್ಲಿರುವವನು ಅವರೆದುರು ಮನಸ್ಸು ಬಿಚ್ಚಬಲ್ಲ. ಆದರೆ ಕರೆಯದಿದ್ದರೆ ಅವರು ಬರುವುದು ಅಪರೂಪ. ನಮ್ಮೂರಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಸಭಾಪಾಲಕರು ಸಂಜೆಯೊಳಗೆ ಹಾಸಿಗೆಯ ಬಳಿ ಇರುತ್ತಾರೆ. ಜೊತೆಗೆ ಪ್ರಾರ್ಥನಾ ಗುಂಪಿನವರೂ ಬರುತ್ತಾರೆ. ಗೀತೆ, ವಾಕ್ಯಪಠನ, ಗಟ್ಟಿ ದನಿಯ ದೀರ್ಘ ಪ್ರಾರ್ಥನೆ ಎಲ್ಲವೂ ನಡೆಯುತ್ತದೆ. ರೋಗಿಗೆ ಮಾತ್ರ ಬಾಯಿ ತೆರೆಯಲು ಅವಕಾಶ ಸಿಗುವುದಿಲ್ಲ.

ಇದಕ್ಕೆ ಕಾರಣ ಹಣದ ಏರ್ಪಾಟಿನಲ್ಲೂ ಇದೆ. ಜರ್ಮನಿಯಲ್ಲಿ ಸರಕಾರವೇ ಸದಸ್ಯರಿಂದ ಚರ್ಚ್ ತೆರಿಗೆ ವಸೂಲು ಮಾಡಿಕೊಡುತ್ತದೆ. ಅದು ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು. ಪಾಸ್ಟರನ ಜೀವನ ಯಾವ ಹಿರಿಯರ ಮೆಚ್ಚುಗೆಯ ಮೇಲೂ ನಿಂತಿಲ್ಲ. ನಮ್ಮಲ್ಲಿ ಸಭೆಯವರ ಕಾಣಿಕೆಯೇ ಆಧಾರ. ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಚೆನ್ನಾಗಿ ಮಾಡುವವರಿಗೇ ಹೆಸರು. ಆದರೂ ಭದ್ರತೆಯಿಂದಲೇ ಒಳ್ಳೆಯ ಸೇವೆ ಹುಟ್ಟುತ್ತದೆಂದು ನಾನು ಒಪ್ಪಲಾರೆ. ಫಿಂಕೆನ್‌ವಾಲ್ಡೆಯ ಯುವಕರು ಸಂಬಳ, ಪಾಸ್ಟರ್ ನಿವಾಸ ಎರಡರ ಖಾತರಿಯನ್ನೂ ಬಿಟ್ಟು ಬಂದವರು. ಸರಕಾರದ ಕಣ್ಣಲ್ಲಿ ಅವರ ದೀಕ್ಷೆಯೇ ಅಕ್ರಮವಾಗಿತ್ತು.

ಕರೆಯದೆಯೂ ಹೋಗುವ ನಮ್ಮ ರೂಢಿಯನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿನವರು ಅದನ್ನು ನಮ್ಮಿಂದ ಕಲಿಯಬೇಕು. ಆದರೆ ನಮ್ಮ ಸೆಮಿನರಿಗಳಲ್ಲಿ ಪ್ರಸಂಗಕ್ಕೆ ಅಂಕ ಕೊಡುವ ಮೊದಲು, ವಿದ್ಯಾರ್ಥಿಗಳು ಕೆಲವು ತಿಂಗಳು ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತು ಆಲಿಸಲಿ, ಅಧ್ಯಾಪಕರೂ ಜೊತೆಗಿರಲಿ. ಊರಿನ ಸಭಾಪಾಲಕ ಮಿತ್ರರಿಗೆ ಇದನ್ನು ಹೇಳಿದಾಗ, ‘ಪ್ರಾರ್ಥನೆ ಮಾಡದೆ ಬಂದರೆ ಜನ ನೊಂದುಕೊಳ್ಳುತ್ತಾರೆ’ ಎಂದರು. ಪ್ರಾರ್ಥನೆ ಖಂಡಿತ ಇರಲಿ. ರೋಗಿಯ ಮಾತು ಮುಗಿದ ಮೇಲೆ ಮಾಡಿದರೆ, ಅವರ ಆಪರೇಷನ್ನಿನ ಭಯವೂ ಮಗಳ ಮದುವೆಯ ಸಾಲದ ಚಿಂತೆಯೂ ಆ ಪ್ರಾರ್ಥನೆಯೊಳಗೆ ಬರುತ್ತವೆ.