ಎರಡನೇ ಹಂತದ ಗಂಗಮ್ಮ

ಕೋಲಾರ ಜಿಲ್ಲೆಯಲ್ಲಿ ಕೆರೆ ಕೋಡಿ ಹರಿಯುವುದು ಮದುವೆಗಿಂತ ದೊಡ್ಡ ಸಮಾಚಾರ. ಹಾಗಾಗಿ ನಮ್ಮ ಕಡೆಯ ಒಂದು ಕೆರೆ ತುಂಬಿದಾಗ ಏರಿ ಮೇಲೆ ಶಾಮಿಯಾನ ಎದ್ದಿತು. ತಮಟೆಯವರು ಬಂದರು. ಎರಡು ಗಂಟೆ ತಡವಾಗಿ ನಾಯಕರೂ ಬಂದರು. ಬಾಗಿನ ಬಿಡುವ ಕಾರ್ಯಕ್ರಮ. ಮೊರದ ಒಳಗೆ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ. ಮೇಲೊಂದು ಮೊರ ಮುಚ್ಚಿತ್ತು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಷ್ಟು ಸಡಗರ.

ಅರ್ಚಕರು "ಗಂಗೇ ಚ ಯಮುನೇ ಚೈವ" ಶುರು ಮಾಡಿದರು. ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಲ್ಲರೂ ಬಂದು ಈ ನೀರಿನಲ್ಲಿ ನೆಲೆಸಲಿ ಅನ್ನುವ ಪ್ರಾರ್ಥನೆ. ಮೊದಲ ಆರು ನದಿಗಳ ಮಾತು ಬಿಡಿ. ಏಳನೆಯವಳನ್ನು ಕರೆಯುವ ಅಗತ್ಯವೇ ಇರಲಿಲ್ಲ, ಆಗಲೇ ಬಂದು ಕೂತಿದ್ದಳು. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಪಂಪ್ ಹತ್ತಿ ಬೆಂಗಳೂರಿಗೆ ಬರುತ್ತಾಳೆ. ಅಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಹೇಳಬಾರದ್ದನ್ನೂ ತೊಳೆದು, ಬೆಳ್ಳಂದೂರಿನ ಘಟಕದಲ್ಲಿ ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಪೈಪ್ ಹತ್ತಿ ನಮ್ಮಲ್ಲಿಗೆ ಬರುತ್ತಾಳೆ. ನಮಗೂ ನದಿ ನೀರು ಕೊಡಿ ಅಂತ ಎಷ್ಟೋ ವರ್ಷ ಧರಣಿ ಕೂತೆವಲ್ಲ, ಕೊಟ್ಟಿದ್ದಾರೆ ನೋಡಿ. ಬೆಂಗಳೂರು ಒಂದು ಸಲ ಬಳಸಿದೆ, ಅಷ್ಟೇ ವ್ಯತ್ಯಾಸ.

"ತಲೆ ಮೇಲೆ ಪ್ರೋಕ್ಷಣೆ ಮಾಡ್ಕೊಳ್ಳಿ ಸಾರ್" ಅಂದರು ಅರ್ಚಕರು. ನಾಯಕರ ಕೈ ಕೆರೆಯತ್ತ ಹೋಗಿ ನೀರಿನಿಂದ ಒಂದು ಗೇಣು ಮೇಲೆ ನಿಂತಿತು. ಅವರು ಎಂಜಿನಿಯರ್ ಮುಖ ನೋಡಿದರು. ಎಂಜಿನಿಯರ್ ಕೋಡಿ ಕಡೆ ನೋಡಿದರು. ಆಮೇಲೆ ನಾಯಕರು ಎರಡು ಬೆರಳ ತುದಿ ಅದ್ದಿ, ಎಷ್ಟು ಜೋರಾಗಿ ಕೊಡವಿದರು ಅಂದರೆ ಹನಿಗಳೆಲ್ಲ ತಲೆ ದಾಟಿ ಹಿಂದೆ ನಿಂತಿದ್ದ ಪಂಚಾಯಿತಿ ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಬಿದ್ದವು. ಗನ್‌ಮ್ಯಾನ್ ಜೇಬಿನಿಂದ ಸ್ಯಾನಿಟೈಸರ್ ಹೊರಬಂತು. ಕೈ ಒರೆಸಿಕೊಂಡು ಮೈಕ್ ಹಿಡಿದವರೇ, ನೀರು ನೂರಕ್ಕೆ ನೂರು ಶುದ್ಧ, ಯಾರ ಮಾತಿಗೂ ಕಿವಿ ಕೊಡಬೇಡಿ ಅಂದರು. ನಾವು ಚಪ್ಪಾಳೆ ತಟ್ಟಿದೆವು.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಲೆಕ್ಕದ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಫ್ಲಶ್ ಒಂದು ಸಲ ಒತ್ತಿದರೆ ಹತ್ತು ಲೀಟರ್ ಅಂತ ಹಿಡಿದರೆ, ನಾಲ್ಕು ಕೋಟಿ ನಲವತ್ತು ಲಕ್ಷ ಸಲ ಒತ್ತಿದಷ್ಟು ನೀರು. ಬೆಳಗಾಗೆದ್ದು ನಮಗೋಸ್ಕರ ಅಷ್ಟೊಂದು ಜನ ತಿಣುಕುತ್ತಿರುವಾಗ ಒಂದು ಕೃತಜ್ಞತೆ ಬೇಡವೇ?

ಹೆಸರು ಇಟ್ಟವರನ್ನೂ ಮೆಚ್ಚಬೇಕು. ಮೋರಿ ನೀರು ಅಂದರೆ ಯಾರು ಬಾಗಿನ ಬಿಡುತ್ತಾರೆ? ವ್ಯಾಲಿ ಅಂದರೆ ಊಟಿ ನೆನಪಾಗುತ್ತದೆ. ಇದು ಕೋರಮಂಗಲ-ಚಲ್ಲಘಟ್ಟ ಕಣಿವೆ. ಚಲ್ಲಘಟ್ಟದಲ್ಲಿ ಹಿಂದೆ ಕೆರೆ ಇತ್ತು, ಈಗ ಅಲ್ಲಿ ಗಾಲ್ಫ್ ಆಡುತ್ತಾರೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಜೋರು ಮಳೆ ಬಂದರೆ ಅದಕ್ಕೆ ಹಳೇ ಕೆಲಸ ನೆನಪಾಗುತ್ತದೆ. ಬೆಂಗಳೂರಿನಲ್ಲಿ ನೀರಿದೆ, ಬಿಡಲು ಕೆರೆ ಇಲ್ಲ. ನಮ್ಮಲ್ಲಿ ಊರಿಗೊಂದು ಕೆರೆ, ನೀರಿಲ್ಲ. ಜಾತಕ ಇಷ್ಟು ಚೆನ್ನಾಗಿ ಕೂಡಿಬಂದ ಮೇಲೆ ಮದುವೆ ಆಗಲೇಬೇಕಿತ್ತು. ಹೆಣ್ಣಿನ ಕಡೆಯವರನ್ನು ಒಂದು ಮಾತು ಕೇಳುವುದು ಮರೆತುಹೋಯಿತು.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆ ಬಂತು. ಬೆಳ್ಳಂದೂರು ಕೆರೆಯಿಂದ ರಸ್ತೆಗೆ ಹಾರಿ ಸ್ಕೂಟರ್‌ನವರ ಮುಖಕ್ಕೆ ಬಡಿಯುತ್ತಿತ್ತಲ್ಲ, ಅದರ ದಾಯಾದಿ. ಬೆಳ್ಳಂದೂರು ಕೆರೆಗೆ ಅದೇ ವರ್ಷ ಜನವರಿಯಲ್ಲಿ ಬೆಂಕಿ ಬಿದ್ದು, ಆರಿಸಲು ಸೈನಿಕರು ಬರಬೇಕಾಯಿತು. ಕೆರೆಗೆ ಬೆಂಕಿ! ಆಮೇಲೆ ಹೈಕೋರ್ಟ್ ನೀರು ನಿಲ್ಲಿಸಿ ಅಂದಿತು, ಮತ್ತೆ ಬಿಡಿ ಅಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆಮೇಲೆ ಅದೂ ತೆರವಾಯಿತು. ಇಷ್ಟು ದೊಡ್ಡವರ ಕೈಯಲ್ಲಿ ತೆರೆದು ಮುಚ್ಚಿದ ನಲ್ಲಿ ಬೇರೆ ಯಾವ ಜಿಲ್ಲೆಗೂ ಸಿಕ್ಕಿರಲಾರದು.

ಹಾಗಂತ ನೀರಿನಿಂದ ಏನೂ ಆಗಿಲ್ಲ ಅಂದರೆ ಸುಳ್ಳಾಗುತ್ತದೆ. ಸಾವಿರದೈನೂರು ಅಡಿ ಕೊರೆದರೂ ಬರೀ ಬಿಳಿ ಧೂಳು ಏಳುತ್ತಿದ್ದ ನೆಲ ಇದು. ಈಗ ಸತ್ತ ಬೋರುಗಳು ಎದ್ದು ಕೂತಿವೆ. ಟೊಮೊಟೊ ಇಟ್ಟವನ ಮುಖದಲ್ಲಿ ಕಳೆ ಇದೆ. ಬೋರು ಕೊರೆಸಿ ಕೊರೆಸಿ ಹೆಂಡತಿಯ ಓಲೆ ಮಾರಿಕೊಂಡವನ ಮುಂದೆ ನಿಂತು ಸಾರಜನಕ, ರಂಜಕ ಅಂತ ಪಾಠ ಹೇಳುವ ಧೈರ್ಯ ನನಗಂತೂ ಇಲ್ಲ.

ಆದರೆ ಈ ನೀರಿಗೊಂದು ವಿಚಿತ್ರ ಮಡಿ ಇದೆ. ಕಣ್ಣೆದುರು ಕೆರೆ ತುಂಬಿದೆ. ರೈತ ಮೋಟರ್ ಇಟ್ಟು ಎತ್ತುವಂತಿಲ್ಲ. ಎತ್ತಿದರೆ ಮೋಟರ್ ಹೋಗುತ್ತದೆ, ಕೇಸೂ ಬೀಳುತ್ತದೆ. ಇದು ಅಂತರ್ಜಲಕ್ಕೆ ಮಾತ್ರವಂತೆ. ನೀರು ತಾನಾಗಿ ಭೂಮಿಗೆ ಇಳಿಯಬೇಕು, ಇಳಿದು ಪಾಪ ಕಳೆದುಕೊಳ್ಳಬೇಕು. ಆಮೇಲೆ ಅದೇ ನೀರನ್ನು, ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ, ಬೋರಿನಿಂದ ಎತ್ತಿಕೊಳ್ಳಬಹುದು. ಮೇಲಿನವರೇ ಎತ್ತಿಕೊಂಡರೆ ಕೊನೆಯ ಕೆರೆಗೆ ಹೋಗಲ್ಲ ಅನ್ನುವ ಮಾತೂ ಇದೆ, ಅದು ನ್ಯಾಯವೇ. ಆದರೆ ಕೇಳಿ ನೋಡಿ. ನೀರು ಶುದ್ಧವಾ ಸ್ವಾಮಿ? ಶುದ್ಧ. ಹಾಗಾದ್ರೆ ನೇರವಾಗಿ ಗಿಡಕ್ಕೆ ಬಿಡಬಹುದಾ? ಛೆ ಛೆ, ಉಂಟಾ!

ಕೊಳಚೆ ಶುದ್ಧ ಮಾಡುವುದರಲ್ಲಿ ಮೂರು ಹಂತ. ಮೊದಲು ಕಸ, ರಾಡಿ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೊಳೆ ತಿನ್ನಿಸುತ್ತಾರೆ. ಇಷ್ಟಾದ ಮೇಲೆ ನೀರು ನೋಡಲು ಚೆನ್ನಾಗೇ ಇರುತ್ತದೆ. ಸಾರಜನಕ, ರಂಜಕ, ರೋಗಾಣು ಇನ್ನೂ ಉಳಿದಿರುತ್ತವೆ. ಅವನ್ನು ತೆಗೆಯುವುದು ಮೂರನೇ ಹಂತ. ಅದಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಮೂರನೇ ಹಂತದ ಕೆಲಸವನ್ನು ಕೋಲಾರದ ನೆಲಕ್ಕೆ ವಹಿಸಲಾಗಿದೆ. ಸಂಬಳ ಇಲ್ಲ, ರಜೆ ಇಲ್ಲ.

ಕೇಳಿದರೆ ಇಸ್ರೇಲ್ ಅನ್ನುತ್ತಾರೆ. ನಮ್ಮವರಿಗೆ ಇಸ್ರೇಲ್ ಅಂದರೆ ಪ್ರಾಣ. 2018ರ ಬಜೆಟ್‌ನಲ್ಲಿ ಕೋಲಾರಕ್ಕೆ ಇಸ್ರೇಲ್ ಮಾದರಿ ಕೃಷಿ ಅಂತ ಘೋಷಣೆಯೇ ಆಗಿತ್ತು. ಟೆಲ್ ಅವೀವ್‌ನ ಕೊಳಚೆಯೂ ಎರಡನೇ ಹಂತ ಮುಗಿಸಿ ನೆಲಕ್ಕೆ ಇಳಿಯುತ್ತದೆ, ನಿಜ. ಆದರೆ ಅಲ್ಲಿರುವುದು ಮರಳು. ಜರಡಿ ಹಿಡಿದ ಹಾಗೆ ಸೋಸುತ್ತದೆ. ಇಲ್ಲಿರುವುದು ಬಂಡೆ, ಬಂಡೆಯಲ್ಲಿ ಬಿರುಕು. ಅಲ್ಲಿ ಆ ಜಾಗದ ಅಂತರ್ಜಲವನ್ನು ಕುಡಿಯುವ ನೀರಿನ ಜೊತೆ ಸೇರದ ಹಾಗೆ ಬೇರೆ ಇಟ್ಟು, ಎತ್ತಿ, ಪೈಪಿನಲ್ಲಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಾರೆ. ನಮ್ಮಲ್ಲಿ ಹೊಲದ ಬೋರು, ಊರಿನ ಓವರ್‌ಹೆಡ್ ಟ್ಯಾಂಕ್ ತುಂಬಿಸುವ ಬೋರು, ಎರಡೂ ಅದೇ ಕೆರೆಯ ಮಗ್ಗುಲಲ್ಲಿ. ಇಸ್ರೇಲ್‌ನಿಂದ ನಾವು ತಂದುಕೊಂಡದ್ದು ಹೆಸರು ಮಾತ್ರ.

ಹೆಸರು ಅಂದಾಗ ನೆನಪಾಯಿತು. ಕೋಲಾರದ ಬೆಟ್ಟದ ಮೇಲೆ ಅಂತರಗಂಗೆ ಇದೆ. ಕಲ್ಲಿನ ಬಸವನ ಬಾಯಿಂದ ಬರಗಾಲದಲ್ಲೂ ನೀರು ಬೀಳುತ್ತದೆ. ಎಲ್ಲಿಂದ ಬರುತ್ತದೆ ಅಂತ ನಮ್ಮಜ್ಜಿಯನ್ನು ಕೇಳಿದರೆ ಕಾಶಿಯಿಂದ ಅನ್ನುತ್ತಿದ್ದಳು. ನಾನು ನಂಬಿದ್ದೆ. ಬಾಟ್ಲಿಯಲ್ಲಿ ಹಿಡಿದು ತಂದು ದೇವರ ಮುಂದೆ ಇಟ್ಟ ನೀರು ಹುಳ ಬೀಳುವುದಿಲ್ಲ ಅಂತಲೂ ನಂಬಿದ್ದೆ. ಕನ್ನಡದಲ್ಲಿ ಇನ್ನೊಂದು ಅಂತರಗಂಗೆಯೂ ಇದೆ, ನೀರಿನ ಮೇಲೆ ತೇಲುವ ಕಳೆ. ಕೊಳಚೆಯ ಸಾರಜನಕ, ರಂಜಕ ಅಂದರೆ ಅದಕ್ಕೆ ಹೋಳಿಗೆ ಊಟ. ಈಗ ಬೆಟ್ಟದ ಮೇಲೊಂದು ಅಂತರಗಂಗೆ, ಬೆಟ್ಟದ ಕೆಳಗಿನ ಕೆರೆಗಳಲ್ಲಿ ಇನ್ನೊಂದು. ಮೇಲಿನದು ಕಾಶಿಯದು, ಕೆಳಗಿನದು ಕೋರಮಂಗಲದ್ದು. ಅವತ್ತು ಬಿಟ್ಟ ಬಾಗಿನ ಹತ್ತು ಮಾರು ಹೋಗಿ ಆ ಹಸಿರಿನಲ್ಲಿ ಸಿಕ್ಕಿಕೊಂಡಿತು. ಫೋಟೋದವರು ಮುಂದೆ ತಳ್ಳಿ ಅಂದರು. ತಳ್ಳಲು ನೀರಿಗೆ ಇಳಿಯಬೇಕಲ್ಲ, ಯಾರೂ ಇಳಿಯಲಿಲ್ಲ.

ಮೂರನೇ ಹಂತ ಅಂದರೆ ನಮ್ಮ ಸರ್ಕಾರಕ್ಕೆ ಗೊತ್ತೇ ಇಲ್ಲದ ವಿದ್ಯೆ ಅಂತ ತಿಳಿಯಬೇಡಿ. ಯಲಹಂಕದಲ್ಲಿ ಮೂರನೇ ಹಂತದ ಘಟಕ ಇದೆ, ಆ ನೀರು ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಕಬ್ಬನ್ ಪಾರ್ಕ್‌ನ ಗಿಡಗಳಿಗೆ ಅಂತ ಪಾರ್ಕ್‌ನೊಳಗೇ ಮೆಂಬ್ರೇನ್ ಹಾಕಿದ ಘಟಕ ಇದೆ. ಲಾಲ್‌ಬಾಗಿನಲ್ಲೂ ಇದೆ. ಪಾರ್ಕಿನ ಹುಲ್ಲಿಗೆ ಪಾಪ ಹೊಟ್ಟೆ ಸೂಕ್ಷ್ಮ ಇರಬೇಕು. ನಮ್ಮ ಮಕ್ಕಳ ಹೊಟ್ಟೆ ಗಟ್ಟಿ. 2018ರಿಂದ ಕೇಳುತ್ತಿದ್ದೇವೆ. ಅರ್ಜಿ ಕೊಟ್ಟದ್ದಾಯಿತು, ಕೋರ್ಟು ಹತ್ತಿದ್ದಾಯಿತು, ರಸ್ತೆಯಲ್ಲಿ ಕೂತದ್ದಾಯಿತು. ನೀರು ಬೇಡ ಅಂತ ಯಾರೂ ಹೇಳುತ್ತಿಲ್ಲ ಕಣ್ರೀ. ಇನ್ನೊಂದು ಸಲ ಸೋಸಿ ಕೊಡಿ ಅಂತಿದ್ದೇವೆ. ಅಷ್ಟು ಕೇಳಿದ್ದಕ್ಕೆ ಅಭಿವೃದ್ಧಿ ವಿರೋಧಿ, ರೈತ ವಿರೋಧಿ ಅನ್ನಿಸಿಕೊಳ್ಳಬೇಕು. ಬಾಯಾರಿದವನಿಗೆ ಎಂಥ ನೀರು ಕೊಟ್ಟರೂ ಕುಡೀತಾನೆ ಅಂತ ನಿಮಗೆ ಗೊತ್ತಿದೆ. ಗೊತ್ತಿದ್ದೇ ಕೊಡ್ತಿದ್ದೀರಿ. ಇದನ್ನು ಬರೆದೂ ಬರೆದೂ ನನಗೂ ಸಾಕಾಗಿದೆ.

ಇರಲಿ. ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆ ಬರುತ್ತಿದೆಯಲ್ಲ. 2014ರಲ್ಲಿ ಶಂಕುಸ್ಥಾಪನೆ ಆದಾಗ 12,912 ಕೋಟಿ, ಆಮೇಲೆ 23,251 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಬಾಗಿನವೂ ಆಯಿತು. ದುಡ್ಡು ಹರಿದಷ್ಟು ಬೇಗ ನೀರು ಹರಿಯುವುದಿಲ್ಲ, ಏರು ಜಾಸ್ತಿ ನೋಡಿ.

ಬಾಗಿನದ ದಿನ ಸಂಜೆ ಶಾಮಿಯಾನ ಬಿಚ್ಚಿದ ಮೇಲೆ ನಮ್ಮ ಪಕ್ಕದ ಹೊಲದ ಅಣ್ಣ ಏರಿ ಮೇಲೆ ಸಿಕ್ಕಿದ. ಹೆಗಲ ಮೇಲೆ ಸುತ್ತಿದ ಪೈಪು. ಯಾಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸುಮ್ನೆ ಮಾತಿಗೆ, "ಮೂರನೇ ಹಂತ ಮಾಡಿ ಕೊಟ್ಟರೆ ಈ ತಾಪತ್ರಯ ಇರೋದಿಲ್ಲ ಅಲ್ವಾ ಅಣ್ಣಾ?" ಅಂದೆ.

ಅವನು ಬೀಡಿ ಹಚ್ಚಿಕೊಂಡ. "2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಕಾರು ತೊಳೆದ್ರೆ ಐದು ಸಾವಿರ ದಂಡ ಹಾಕ್ತಿದ್ರಲ್ಲಪ್ಪಾ?"

"ಹೌದು."

"ಆವಾಗ್ಲೇ ಮೋರಿ ನೀರು ಸೋಸಿ ಅಪಾರ್ಟ್‌ಮೆಂಟಿನವರಿಗೆ ಕೊಡ್ತೀವಿ ಅಂತ ಓಡಾಡ್ತಿದ್ರು. ಮೂರನೇ ಹಂತ ಮಾಡಿದ್ರೆ ನೀರು ಚೆನ್ನಾಗಾಗುತ್ತೆ. ಚೆನ್ನಾಗಾದ್ರೆ ಅವರೇ ಇಟ್ಕೊಳ್ತಾರೆ. ನಮಗ್ಯಾಕೆ ಕಳಿಸ್ತಾರೆ?"

ಕತ್ತಲಾಗುತ್ತಿತ್ತು. ಆ ಕಡೆಯಿಂದ ಯಾರಾದ್ರೂ ಬಂದರೆ ಕೆಮ್ಮು ಅಂತ ನನಗೆ ಹೇಳಿ ಅವನು ಏರಿ ಇಳಿದು ಹೋದ.