15 ವರ್ಷ ದಾಟಿದ ಬೈಕ್ ಗುಜರಿಗೇ ಅನ್ನೋದು ಸುಳ್ಳು

"15 ವರ್ಷ ದಾಟಿದ ಬೈಕ್ ಕೊಂಡರೆ ದುಡ್ಡು ದಂಡ, ಆರ್‌ಸಿ ನವೀಕರಣ ಆಗೋದೇ ಇಲ್ಲ" ಎಂಬ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕರ್ನಾಟಕದ ಮಟ್ಟಿಗೆ ಇದು ಸರಿಯಲ್ಲ. ಪೆಟ್ರೋಲ್ ಗಾಡಿಗೆ 15 ವರ್ಷದ ಗಡಿ ಹಾಕಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ (ಎನ್‌ಸಿಆರ್). ನಮ್ಮಲ್ಲಿ ಆರ್‌ಟಿಒ ಗಾಡಿಯನ್ನು ಪರೀಕ್ಷೆ ಮಾಡಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿಸಿಕೊಂಡು, 5 ವರ್ಷಕ್ಕೆ ನವೀಕರಿಸಿ ಕೊಡುತ್ತದೆ. ಇಲ್ಲದಿದ್ದರೆ 1996ರಲ್ಲೇ ತಯಾರಿಕೆ ನಿಂತ ಮೈಸೂರಿನ ಯೆಜ್ಡಿ ಬೈಕುಗಳು ಇನ್ನೂ ರಸ್ತೆಯಲ್ಲಿ ಹೇಗೆ ಓಡುತ್ತಿವೆ, ಅಲ್ವಾ?

ಹೆದರಬೇಕಾದ್ದು ವಯಸ್ಸಿಗಲ್ಲ, ನಂಬರಿಗೆ. ಹ್ಯಾಂಡಲ್ ಕೆಳಗೆ ಫ್ರೇಮಿನ ಮೇಲೆ ಒತ್ತಿರುವ ಚಾಸಿಸ್ ನಂಬರನ್ನು ಗ್ರೀಸು ಒರೆಸಿ, ಟಾರ್ಚ್ ಹಾಕಿ ಓದಿ. ಅಂಕಿಗಳ ಸುತ್ತ ಲೋಹ ಉಜ್ಜಿದಂತಿದ್ದರೆ, ಒಂದೆರಡು ಅಂಕಿ ಓರೆಯಾಗಿದ್ದರೆ, ನಂಬರ್ ತಿದ್ದಿರಬಹುದು; ಎಷ್ಟೇ ಚೆಂದದ ಪೇಂಟ್ ಇದ್ದರೂ ವಾಪಸ್ ಬನ್ನಿ. ಎಂಜಿನ್ ನಂಬರ್ ಕೂಡ ಆರ್‌ಸಿ ಜೊತೆ ತಾಳೆಯಾಗಬೇಕು. ಯಮಹಾ ಆರ್‌ಎಕ್ಸ್ 100 ಬೈಕ್ ಕೊಳ್ಳುವವರು ಇದನ್ನು ಸುಮ್ನೆ ಬಿಡಬೇಡಿ, ಬೇರೆ ಗಾಡಿಯ ಎಂಜಿನ್ ಕೂರಿಸಿರುವುದೂ ಉಂಟು.

ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ, ಆರಲಿ ಬಿಡಿ. ತಣ್ಣಗಿದ್ದಾಗ ನೀವೇ ಕಿಕ್ ಹೊಡೆದು ನೋಡಿ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಕೇಳಿ. ಆರ್‌ಸಿ ಅವಧಿ ಮುಗಿದಿದ್ದರೆ ನವೀಕರಣ ತಡವಾದದ್ದಕ್ಕೆ ದಂಡ ಯಾರು ಕಟ್ಟಬೇಕು ಅಂತ ಬೆಲೆ ಮಾತಾಡುವಾಗಲೇ ತೀರ್ಮಾನಿಸಿಕೊಳ್ಳಿ.