‘ಮಿಷನ್ ಕಳಿಸಿ’ ಎನ್ನುವ ತೋಟದವರಿಗೆ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಫೆಬ್ರವರಿ ಕೊನೆಯ ಹೊತ್ತಿಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮೂಡಿಗೆರೆಯ ಸುತ್ತಲಿನ ತೋಟದವರು, ಸಕಲೇಶಪುರದ ಕಡೆಯ ಕೆಲವರು, ಮರದ ವ್ಯಾಪಾರಿಗಳು, ಎಲ್ಲರೂ ಕೇಳುವ ಮಾತು ಒಂದೇ: “ನಾಳೆ ಮಿಷನ್ ಕಳಿಸ್ತೀಯೇನಪ್ಪಾ?” ಇಪ್ಪತ್ತೊಂದು ವರ್ಷಗಳಿಂದ ಈ ಮಾತಿಗೆ ‘ಆಯ್ತು’ ಎಂದು ಬೈಕಿನ ಹಿಂದೆ ಮರ ಕೊಯ್ಯುವ ಚೈನ್‌ಸಾ ಕಟ್ಟಿಕೊಂಡು ಹೋಗುತ್ತಿರುವವನು ನಾನು. ಹಾಗೆ ಕೇಳುವವರಲ್ಲಿ ಹೆಚ್ಚಿನವರು ನನ್ನ ಮನೆಗೆ ಅನ್ನ ಕೊಟ್ಟವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಕೂಲಿಯ ಲೆಕ್ಕ ತಪ್ಪುವುದು ಆ ಮಾತಿನಿಂದಲೇ ಎಂಬುದು ಈಗ ನನಗೆ ಖಚಿತವಾಗಿದೆ. ತೋಟದವರು ಬೆಲೆ ಕಟ್ಟುವುದು ಯಂತ್ರಕ್ಕೆ. ಅದನ್ನು ಹಿಡಿದ ಕೈಗೆ, ಹಿಂದಿನ ರಾತ್ರಿ ಚೈನಿಗೆ ಅರ ಹಾಕುತ್ತಾ ಕಳೆದ ಹೊತ್ತಿಗೆ, ಜೊತೆಗೆ ಬರಲೇಬೇಕಾದ ಎರಡನೆಯ ಆಳಿಗೆ, ಮರ ಬೀಳುವಾಗ ನಾವು ಒಡ್ಡುವ ಮೈಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಇದನ್ನು ಒಮ್ಮೆ ಬಿಡಿಸಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಕೆಲಸದ ಬಹುಪಾಲು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಈ ಮರ ನಮ್ಮ ತೋಟಗಳಲ್ಲಿ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ಕಷ್ಟಕಾಲದಲ್ಲಿ ಮಾಲೀಕರ ಕೈಗೆ ನಗದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಕಡಿಯಲು ಅನುಮತಿಯ ವಿನಾಯಿತಿ ಇದೆ. ಬೀಟೆ, ಹೊನ್ನೆಗಳಿಗೆ ಆ ವಿನಾಯಿತಿ ಇಲ್ಲ. ಅರಣ್ಯ ಇಲಾಖೆಯ ಕಾಗದವನ್ನು ಕಣ್ಣಾರೆ ನೋಡದೆ ನಾನು ಅವುಗಳ ಬುಡಕ್ಕೆ ಚೈನು ತಾಗಿಸುವುದಿಲ್ಲ. ಮಳೆ ಹಿಡಿಯುವ ಮುಂಚೆ ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸವಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಗೆ, ಮನೆಯ ಮೇಲೆ, ಕರೆಂಟು ತಂತಿಯ ಮೇಲೆ ಉರುಳಿದ ಮರಗಳನ್ನು ತೆರವು ಮಾಡುವ ಕೆಲಸವಿರುತ್ತದೆ. ಎಲ್ಲ ಸೇರಿ ವರ್ಷಕ್ಕೆ ನೂರೈವತ್ತು ದಿನ ಕೆಲಸ ಸಿಕ್ಕಿದರೆ ಅದು ನನ್ನ ಪಾಲಿಗೆ ಒಳ್ಳೆಯ ವರ್ಷ.

ಮರ ಕೊಯ್ಯುವುದೆಂದರೆ ಏನೆಂದು ತಿಳಿಸಲು ಕಳೆದ ಮಾರ್ಚ್‌ನಲ್ಲಿ ಕೆಡವಿದ ಒಂದೇ ಮರದ ವಿಷಯ ಹೇಳುತ್ತೇನೆ. ಸುಮಾರು ಎಪ್ಪತ್ತು ಅಡಿ ಎತ್ತರ, ಬುಡದ ಸುತ್ತಳತೆ ಆರಡಿ. ಸುತ್ತ ಹತ್ತಡಿ ಅಂತರದಲ್ಲಿ ನೆಟ್ಟ ಹಳೆಯ ರೋಬಸ್ಟಾ ಗಿಡಗಳು. ಆ ಮರವನ್ನು ಎರಡು ಸಾಲುಗಳ ನಡುವಿನ ಓಣಿಯಲ್ಲೇ ಮಲಗಿಸಬೇಕು. ಒಂದು ಸಾಲು ತಪ್ಪಿದರೂ ಮೂವತ್ತು ವರ್ಷದ ಏಳೆಂಟು ಗಿಡಗಳು ಸೀಳಿಹೋಗುತ್ತವೆ. ಮಿಷನ್ನನ್ನು ಕೆಳಗಿಟ್ಟು ನಾನು ಮೊದಲು ಮರದ ಸುತ್ತ ಮೂರು ಬಾರಿ ತಿರುಗಿದೆ. ವರ್ಷವೂ ಒಂದೇ ಕಡೆಯಿಂದ ಗಸಿ ಮಾಡಿದ್ದರಿಂದ ತಲೆಯ ಭಾರವೆಲ್ಲ ಕೆರೆಯ ಕಡೆಗಿತ್ತು, ಮಲಗಿಸಬೇಕಾದ ಓಣಿ ಅದಕ್ಕೆ ಅಡ್ಡಲಾಗಿತ್ತು. ಕೊಡಲಿಯ ಹಿಂಬದಿಯಿಂದ ಬುಡವನ್ನು ತಟ್ಟಿ ನೋಡಿದೆ. ಗಟ್ಟಿ ಮರ ಕೊಡುವ ಸದ್ದೇ ಬೇರೆ, ಒಳಗೆ ಟೊಳ್ಳಾದ ಮರ ಕೊಡುವ ಸದ್ದೇ ಬೇರೆ. ಟೊಳ್ಳಾಗಿದ್ದರೆ ನಾನು ಬಯಸಿದ ಕಡೆಗೆ ಅದು ತಿರುಗುವುದಿಲ್ಲ. ಜೊತೆಯ ಹುಡುಗ ಮೇಲೆ ಹತ್ತಿ ಕೆರೆಯ ಕಡೆಯ ಕೊಂಬೆಗಳನ್ನು ಇಳಿಸಿ ಹಗ್ಗ ಕಟ್ಟಿ ಬಂದ. ಬುಡದ ಪೊದೆ ಸವರಿ, ಮರ ಬೀಳುವ ದಿಕ್ಕಿನ ಹಿಂದೆ ಓರೆಯಾಗಿ ಎರಡು ಕಡೆಗೆ ಓಡುವ ದಾರಿ ಬಿಡಿಸಿಕೊಂಡೆವು. ಇಷ್ಟಾಗುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು, ಮಿಷನ್ ಇನ್ನೂ ಸ್ಟಾರ್ಟ್ ಆಗಿರಲಿಲ್ಲ.

ಆಮೇಲೆ ಬೀಳಬೇಕಾದ ಕಡೆಗೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕಚ್ಚು ತೆಗೆದೆ. ಹಿಂದಿನಿಂದ, ಕಚ್ಚಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೊಯ್ಯುತ್ತಾ ಬಂದು, ನಡುವೆ ಎರಡು ಇಂಚಿನಷ್ಟು ಮರವನ್ನು ಹಾಗೇ ಉಳಿಸಿದೆ. ಬಾಗಿಲಿಗೆ ಕೀಲು ಇದ್ದ ಹಾಗೆ ಮರಕ್ಕೆ ಈ ಎರಡು ಇಂಚು. ಅದನ್ನೂ ಕೊಯ್ದುಬಿಟ್ಟರೆ ಮರ ಯಾರ ಮಾತನ್ನೂ ಕೇಳುವುದಿಲ್ಲ; ಹೆಚ್ಚು ಉಳಿಸಿದರೆ ಬುಡದಿಂದ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯಬಹುದು. ಕೊಯ್ದ ಸಂದಿಗೆ ಬೆಣೆ ಹೊಡೆದಾಗ ಒಳಗಿನಿಂದ ಲಟಕ್ಕೆಂದು ಒಂದು ಸಣ್ಣ ಸದ್ದು ಬಂತು. ಆ ಸದ್ದು ಬಂದ ಮೇಲೆ ಮರದ ಬಳಿ ನಿಲ್ಲಬಾರದು. ಓಣಿಯ ನಡುವೆಯೇ ಮರ ಮಲಗಿತು, ಎರಡು ಕಾಫಿ ಗಿಡಗಳ ಒಂದೊಂದು ಕೊಂಬೆ ಮಾತ್ರ ಮುರಿಯಿತು. ಚೈನು ಓಡಿದ್ದು ಹೆಚ್ಚೆಂದರೆ ಐದು ನಿಮಿಷ. ತೋಟದ ರೈಟರ್ ಪುಸ್ತಕದಲ್ಲಿ ಬರೆದುಕೊಂಡದ್ದು ಮಾತ್ರ ‘ಮಿಷನ್ ಬಾಡಿಗೆ’ ಎಂದೇ.

ಇನ್ನು ಚೈನಿನ ವಿಷಯ. ಇದರ ಬಗ್ಗೆ ಬರೆಯಲು ಕುಳಿತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನನ್ನ ದೊಡ್ಡ ಮಿಷನ್ನಿನ 20 ಇಂಚಿನ ಬಾರಿಗೆ, ಅಂದರೆ ಚೈನು ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿಗೆ, ಹಾಕುವ ಚೈನಿನಲ್ಲಿ ಕೊಯ್ಯುವ ಹಲ್ಲುಗಳು 36, ಅವುಗಳಲ್ಲಿ 18 ಎಡಕ್ಕೆ, 18 ಬಲಕ್ಕೆ. 1940ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬವನು ಕೊರಕಲು ಮೋಟಿನಲ್ಲಿ ದುಂಬಿಯ ಹುಳುವೊಂದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ದವಡೆ ಆಡಿಸುತ್ತಾ ಮರವನ್ನು ಸುಲಭವಾಗಿ ತಿಂದು ಸಾಗುವುದನ್ನು ಗಮನಿಸಿ, ಅದೇ ರೀತಿಯಲ್ಲಿ ಹಲ್ಲುಗಳನ್ನು ರೂಪಿಸಿದ. ಇಂದು ನಾವೆಲ್ಲ ಬಳಸುವ ಚೈನು ಆ ವಿನ್ಯಾಸದಿಂದಲೇ ಬೆಳೆದದ್ದು. ಪ್ರತಿ ಹಲ್ಲಿಗೂ 5.2 ಮಿಲಿಮೀಟರಿನ ದುಂಡು ಅರವನ್ನು 30 ಡಿಗ್ರಿ ಓರೆಯಲ್ಲಿ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ, ಎಲ್ಲ ಹಲ್ಲುಗಳಿಗೂ ಒಂದೇ ಲೆಕ್ಕದ ತಿಕ್ಕು ಕೊಡಬೇಕು. ಎಡದ ಹಲ್ಲುಗಳು ಚೂಪಾಗಿ ಬಲದವು ಮೊಂಡಾದರೆ ಬಾರು ಮರದೊಳಗೆ ಸೊಟ್ಟಗೆ ಹೋಗುತ್ತದೆ. ಹಲ್ಲಿನ ಮುಂದಿರುವ ಸಣ್ಣ ಗುಬ್ಬಿಯನ್ನು ಚಪ್ಪಟೆ ಅರದಿಂದ ಬೇಕಾದಷ್ಟೇ ತಗ್ಗಿಸಬೇಕು. ಹೆಚ್ಚು ತಗ್ಗಿಸಿದರೆ ಚೈನು ಮರವನ್ನು ಕಚ್ಚಿ ಎಳೆದಾಡುತ್ತದೆ, ತಗ್ಗಿಸದಿದ್ದರೆ ಬರಿದೇ ಜಾರುತ್ತದೆ. ಚೈನು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಹೊಟ್ಟು ನೋಡಿದರೆ ತಿಳಿಯಬಹುದು. ಚೂಪಾದ ಚೈನು ಅವಲಕ್ಕಿಯಂಥ ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಟ್ಟು ಬರತೊಡಗಿದ ಮೇಲೂ ಮಿಷನ್ನನ್ನು ಒತ್ತಿ ಕೊಯ್ಯುವವನು ಎಂಜಿನ್ನನ್ನೂ ತನ್ನ ಸೊಂಟವನ್ನೂ ಒಟ್ಟಿಗೆ ಹಾಳು ಮಾಡಿಕೊಳ್ಳುತ್ತಾನೆ.

ಬೇಲಿ ಸಾಲಿನ ಮರಗಳಲ್ಲಿ ಹಿಂದೆಂದೋ ಹೊಡೆದ ಮೊಳೆ, ಮುಳ್ಳುತಂತಿಗಳನ್ನು ಮರ ನುಂಗಿಕೊಂಡಿರುತ್ತದೆ. ಹೊರಗಿನಿಂದ ಗುರುತೇ ಸಿಗುವುದಿಲ್ಲ. ಒಂದು ಕಿಡಿ ಹಾರಿದರೆ ಆ ದಿನದ ಚೈನು ಮುಗಿದಂತೆ.

ಲೆಕ್ಕಕ್ಕೆ ಬರುತ್ತೇನೆ. ಕಳೆದ ವರ್ಷದವರೆಗೆ ನನ್ನ ದಿನದ ದರ 2,500 ರೂಪಾಯಿ, ಪೆಟ್ರೋಲು ನನ್ನದೇ. ದೊಡ್ಡ ಮರಗಳ ದಿನ ಐದು ಲೀಟರ್ ಪೆಟ್ರೋಲು ಬೇಕು, 500 ರೂಪಾಯಿಗೂ ಮೇಲೆ. ಪೆಟ್ರೋಲಿಗೆ ಲೀಟರಿಗೆ 20 ಮಿಲಿಯಂತೆ ಬೆರೆಸುವ 2ಟಿ ಎಂಜಿನ್ ಆಯಿಲ್, ಬಾರಿಗೆ ಹರಿಯುವ ಚೈನ್ ಆಯಿಲ್ ಸೇರಿ 400. ಚೈನು, ಬಾರು, ಚೈನನ್ನು ತಿರುಗಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್, ಪ್ಲಗ್, ಏರ್ ಫಿಲ್ಟರ್‌ಗಳ ಸವಕಳಿಗೆಂದು ನಾನು ಎತ್ತಿಡುವುದು 250. ಉಳಿಯುವುದು 1,350. ಎರಡನೆಯ ಆಳನ್ನು ಕರೆದೊಯ್ದು ಅವನಿಗೆ 800 ಕೊಟ್ಟರೆ ನನಗೆ 550, ಅಂದರೆ ಅದೇ ತೋಟದಲ್ಲಿ ಕಳೆ ಹೊಡೆಯುವವರ ಕೂಲಿಗಿಂತ ಹೆಚ್ಚೇನಲ್ಲ. ನಮ್ಮಲ್ಲಿ ಅನೇಕರು ಒಬ್ಬೊಬ್ಬರೇ ಕೆಲಸಕ್ಕೆ ಹೋಗುವುದು ಧೈರ್ಯ ಹೆಚ್ಚಾಗಿ ಅಲ್ಲ, ಈ 800 ರೂಪಾಯಿ ಉಳಿಸಲು.

ನಾನೂ ಹಾಗೆ ಹೋದವನೇ. ಆರು ವರ್ಷಗಳ ಹಿಂದೆ ಒಂದು ತೋಟದಲ್ಲಿ ನಾನು ಕೊಯ್ದ ಮರ ನೆಲಕ್ಕೆ ಬರದೆ ಪಕ್ಕದ ಮರದ ಕವಲಿನಲ್ಲಿ ಸಿಕ್ಕಿಕೊಂಡಿತು. ಅಂಥ ಮರವನ್ನು ಬಿಟ್ಟು ಬಂದು, ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಬೇಕು ಎಂಬುದು ನನಗೆ ಗೊತ್ತಿತ್ತು. ಸಂಜೆಯೊಳಗೆ ಲಾರಿ ಬರುತ್ತದೆ, ಬೇಗ ಮುಗಿಸು ಎಂದಿದ್ದರು; ಕೆಳಗೆ ಹೋಗಿ, ಅದನ್ನು ಹಿಡಿದುಕೊಂಡಿದ್ದ ಪಕ್ಕದ ಮರಕ್ಕೇ ಚೈನು ಇಟ್ಟೆ. ದಿಮ್ಮಿ ಹಿಂದಕ್ಕೆ ಜಾರಿ ನನ್ನ ಎಡಗಾಲಿನ ಮೂಳೆ ಮುರಿಯಿತು. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಕೆಳಗಿನ ಪಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ‘ಮಿಷನ್ ಸದ್ದು ನಿಂತು ಎಷ್ಟೋ ಹೊತ್ತಾಯ್ತಲ್ಲ’ ಎಂದು ಹುಡುಕಿಕೊಂಡು ಬರದಿದ್ದರೆ ನಾನು ಕತ್ತಲಾಗುವವರೆಗೆ ಅಲ್ಲೇ ಬಿದ್ದಿರುತ್ತಿದ್ದೆ. ಆ ತಾಯಿಯನ್ನು ನೆನೆಯದ ದಿನವಿಲ್ಲ. ಮಾಲೀಕರು ಮೊದಲ ದಿನದ ಆಸ್ಪತ್ರೆಯ ಖರ್ಚು ಕೊಟ್ಟರು. ಮುಂದಿನ ನಾಲ್ಕು ತಿಂಗಳು ಮನೆ ನಡೆದದ್ದು ಹೆಂಡತಿಯ ಕೂಲಿಯಲ್ಲಿ.

ಸ್ವಂತ ಮಿಷನ್ ಇಟ್ಟುಕೊಂಡು ಊರೂರು ತಿರುಗುವವನಿಗೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ; ಈ ಬರಹ ಓದುವ ಪ್ರತಿಯೊಬ್ಬ ಮರ ಕೊಯ್ಯುವವರೂ ನಾಳೆಯೇ ಬ್ಯಾಂಕಿಗೆ ಹೋಗಿ ಅದನ್ನು ಮಾಡಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಆದರೆ ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ನನ್ನ ಹಾಗೆ ಕಾಲು ಮುರಿದು ಮತ್ತೆ ಕೂಡಿಕೊಂಡವನಿಗೆ, ಮನೆಯಲ್ಲಿ ಕುಳಿತ ನಾಲ್ಕು ತಿಂಗಳಿಗೆ ಅದರಲ್ಲಿ ಏನೂ ಇಲ್ಲ.

ಒಮ್ಮೆಗೇ ಆಗುವ ಗಾಯ ಎಲ್ಲರಿಗೂ ಕಾಣುತ್ತದೆ, ದಿನವೂ ಆಗುವ ಗಾಯ ಕಾಣುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಬೈಕ್ ಓಡಿಸುವಾಗ ನನ್ನ ಎಡಗೈಯ ಎರಡು ಬೆರಳುಗಳು ನಡುಗೆಣ್ಣಿನವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಚಿವುಟಿದರೂ ಗೊತ್ತಾಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟ ಮೇಲೆ ಉರಿಯುತ್ತಾ ಬಣ್ಣ ಮರಳುತ್ತದೆ. ಇದು ವರ್ಷಗಟ್ಟಲೆ ಮಿಷನ್ನಿನ ನಡುಕ ಹಿಡಿದ ಕೈಗೆ ಬರುವ ಕಾಯಿಲೆ ಎಂದು ವೈದ್ಯರು ಹೇಳಿದರು. ಹಿಡಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟರೂ ಬದಲಾಯಿಸದೆ ಮೂರು ಸೀಸನ್ ಓಡಿಸಿದ್ದು ನನ್ನ ತಪ್ಪು. ಕಿವಿಗೆ ಮಫ್ ಹಾಕದೆ 100 ಡೆಸಿಬಲ್‌ಗೂ ಮೀರಿದ ಸದ್ದಿನಲ್ಲಿ ಹತ್ತು ವರ್ಷ ದುಡಿದದ್ದೂ ನನ್ನ ತಪ್ಪೇ. ಈಗ ಮಗಳು ಹಿಂದಿನಿಂದ ಕರೆದರೆ ನನಗೆ ಕೇಳಿಸುವುದಿಲ್ಲ.

ಕಾಲು ಮುರಿದ ಮೇಲೆ ಸಾಲ ಮಾಡಿ ಹೆಲ್ಮೆಟ್, ಕಿವಿಯ ಮಫ್, ತೊಡೆಗೆ ಕಟ್ಟುವ ಚಾಪ್ಸ್, ಮುಂದೆ ಉಕ್ಕಿರುವ ಬೂಟು ಕೊಂಡೆ. ಚಾಪ್ಸ್ ಒಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಓಡುವ ಚೈನು ತಾಗಿದರೆ ಆ ನಾರು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ನಮ್ಮ ಸೆಕೆಯಲ್ಲಿ ಅದನ್ನು ಕಟ್ಟಿಕೊಂಡು ದುಡಿಯುವುದು ಕಷ್ಟ, ನಿಜ. ಎರಡು ವರ್ಷದ ಹಿಂದೆ ನನ್ನ ಬಲತೊಡೆಯ ಮೇಲೆ ಅದು ಒಮ್ಮೆ ಹರಿದಿದೆ. ಒಳಗಿನ ಪ್ಯಾಂಟಿನ ನೂಲೂ ಕಡಿದಿರಲಿಲ್ಲ. ಹರಿದ ಆ ಚಾಪ್ಸ್ ನಮ್ಮ ಮನೆಯ ಗೋಡೆಯಲ್ಲಿದೆ, ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ. ಏಕೆಂದರೆ ಈಗ ಐದಾರು ಸಾವಿರಕ್ಕೆ ಆನ್‌ಲೈನಿನಲ್ಲಿ ಮಿಷನ್ ತರಿಸಿ, ವಿಡಿಯೋ ನೋಡಿ ಮರುದಿನವೇ ತೋಟಕ್ಕೆ ಇಳಿಯುವ ಹುಡುಗರಿದ್ದಾರೆ. ಬಾರಿನ ತುದಿಯ ಮೇಲ್ಭಾಗ ಗಟ್ಟಿಯಾದ ಏನಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಎಗರುತ್ತದೆ, ಆಗ ಕಾಪಾಡುವುದು ಚೈನ್ ಬ್ರೇಕ್ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗಿಂತ 500 ರೂಪಾಯಿ ಕಡಿಮೆಗೆ ಅವರು ಒಪ್ಪುತ್ತಾರೆ. ತೋಟದವರಿಗೆ ಅದು ಉಳಿತಾಯವಾಗಿ ಕಾಣುತ್ತದೆ.

ಈ ಸೀಸನ್ನಿನಿಂದ ನಾನು ದಿನಕ್ಕೆ 3,500 ಕೇಳುತ್ತಿದ್ದೇನೆ, ಎರಡನೆಯ ಆಳು ಸೇರಿ. ಅವನಿಲ್ಲದೆ ಬರುವುದಿಲ್ಲ. ಬರೆದುಕೊಡುವ ಚೀಟಿಯಲ್ಲಿ ‘ಮಿಷನ್ ಬಾಡಿಗೆ’ ಎಂಬ ಪದವನ್ನು ಬಿಟ್ಟಿದ್ದೇನೆ. ಕೆಲಸದ ಕೂಲಿ ಇಷ್ಟು, ಜೊತೆಯ ಆಳಿಗೆ ಇಷ್ಟು, ಪೆಟ್ರೋಲು, ಆಯಿಲು, ಚೈನಿಗೆ ಇಷ್ಟು ಎಂದು ಬೇರೆ ಬೇರೆಯಾಗಿ ಬರೆಯುತ್ತೇನೆ. ಹಳೆಯ ಗಿರಾಕಿಗಳಲ್ಲಿ ನಾಲ್ವರು ಬೇರೆಯವರನ್ನು ಕರೆಸಿಕೊಂಡರು. ಏಳು ಮಂದಿ ಒಪ್ಪಿದರು, ಅವರಲ್ಲಿ ಹಿರಿಯ ಗೌಡರೊಬ್ಬರು ಚೀಟಿಯನ್ನು ಎರಡು ಸಲ ಓದಿ, “ಇಷ್ಟು ದಿನ ಆ ಹುಡುಗನ ಕೂಲಿ ನಿನ್ನ ಜೇಬಿಂದ ಹೋಗ್ತಿತ್ತೇನಪ್ಪಾ?” ಎಂದು ಕೇಳಿದರು.

ಕರೆ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು. ಮರ ಎಷ್ಟಿವೆ ಎನ್ನುವುದರ ಜೊತೆಗೆ ಬೇಲಿ ಸಾಲಿನ ಮರಗಳು ಯಾವುವು, ಮೆಣಸಿನ ಬಳ್ಳಿ ಯಾವುದರ ಮೇಲಿದೆ, ಕರೆಂಟು ಲೈನು ಎಲ್ಲಿ ಹಾದುಹೋಗುತ್ತದೆ ಎಂದು ಮೊದಲೇ ತಿಳಿಸಿ. ಲೈನಿನ ಪಕ್ಕದ ಮರವಿದ್ದರೆ ಹಿಂದಿನ ದಿನವೇ ಲೈನ್‌ಮ್ಯಾನ್‌ಗೆ ಹೇಳಿಡಿ. ಲೈನು ಆಫ್ ಆಗಿದೆ ಎಂದು ಅವರೇ ಸ್ಥಳದಲ್ಲಿ ನಿಂತು ಹೇಳುವವರೆಗೆ ನಾನು ಮರ ಮುಟ್ಟುವುದಿಲ್ಲ. ಲಾರಿಯನ್ನು ಮರುದಿನಕ್ಕೆ ಹೇಳಿ.